ಮೂವತ್ತು ವರ್ಷದ ಗ್ಯಾರಂಟಿ ಮತ್ತು ನನ್ನ ಹೆಂಡತಿಯ ಸಲೂನು

ಬಡ್ಡಿದರ ಏರಿಸುವ, ಇಳಿಸುವ ಕುರ್ಚಿಯಲ್ಲಿ ವಿರಾಜಮಾನರಾಗಿರುವ ಮಾನ್ಯರೇ,

ತಾವು ಬಡ್ಡಿಯನ್ನು ನೂರಕ್ಕೆ ಒಂದರಷ್ಟು ಏರಿಸಿದಿರಿ. ನನ್ನ ಹೆಂಡತಿಯ ಅಂಗಡಿಗೆಂದು ಇಟ್ಟಿದ್ದ ಮುಂಗಡದಲ್ಲಿ ನೂರಕ್ಕೆ ಹದಿನೈದು ಮಾಯವಾಯಿತು. ಇದು ಯಾವ ಸೀಮೆಯ ಲೆಕ್ಕ ಎಂದು ಮೊದಲು ಕೂಗಾಡಿದೆ. ಈಗ ಅದು ನನಗೆ ಅರ್ಥವಾಗಿಬಿಟ್ಟಿದೆ ಸ್ವಾಮಿ! ಕೆಟ್ಟ ಮೇಲೆ ಬುದ್ಧಿ ಬಂತು, ನಿಜ. ಆದರೂ ಬಂದ ಬುದ್ಧಿಯ ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ನಾನು ಮನೆಗಳಿಗೆ ಬಣ್ಣ ಬಳಿಯುವವನು. ನಮ್ಮ ಕಸುಬಿನಲ್ಲಿ ಡಬ್ಬದ ಮೇಲೆ ಹೆಚ್ಚು ವರ್ಷದ ಗ್ಯಾರಂಟಿ ಇದ್ದಷ್ಟೂ ಮಾಲು ಒಳ್ಳೆಯದು. ನನ್ನ ಹೆಂಡತಿ ಅಡುಗೆಮನೆಯಲ್ಲೇ ಹೆಂಗಸರ ಕೂದಲು ಕತ್ತರಿಸುತ್ತಾಳೆ. ತಟ್ಟೆಯಲ್ಲಿ ಕಂಡವರ ಕೂದಲು ಸಿಕ್ಕಿದಾಗಲೆಲ್ಲ ನಾವು ಬೀದಿಬದಿಯ ಒಂದು ಕೋಣೆಯ ಕನಸು ಕಾಣುತ್ತಿದ್ದೆವು. ಅದರ ಮುಂಗಡಕ್ಕೆ ಎರಡು ವರ್ಷದಲ್ಲಿ ಬೇಕಾಗುವ ದುಡ್ಡು ಹಿಡಿದು ಬ್ಯಾಂಕಿಗೆ ಹೋದರೆ, ಎರಡು ವರ್ಷದ್ದು, ಹತ್ತು ವರ್ಷದ್ದು, ಮೂವತ್ತು ವರ್ಷದ್ದು ಎಂದು ಸರ್ಕಾರಿ ಬಾಂಡುಗಳನ್ನು ಮುಂದಿಟ್ಟರು.

"ಮೂವತ್ತು ವರ್ಷದ್ದೇ ಕೊಡಿ ಸಾರ್. ಎರಡೇ ವರ್ಷಕ್ಕೆ ಸುಲಿದು ಬರೋ ಮಾಲು ನಂಗ್ಯಾಕೆ?" ಎಂದೆ.

ಕೌಂಟರಿನ ಮಹಾಶಯರು ನಗಲೂ ಇಲ್ಲ, ತಡೆಯಲೂ ಇಲ್ಲ. ಸೀಲು ಒತ್ತಿದರು.

ಎರಡು ವರ್ಷ ಕಳೆದು, ಕೋಣೆಗೆ ದುಡ್ಡು ಬೇಕಾಗಿ ಅದನ್ನು ಮಾರಲು ಹೋದೆವು. ಸರ್ಕಾರ ಮುಳುಗುವುದಿಲ್ಲ, ಒಪ್ಪಿದೆ. ಆದರೆ ನನ್ನ ಬಾಂಡು ವರ್ಷಕ್ಕೆ ನೂರಕ್ಕೆ ನಾಲ್ಕು ಕೊಡುತ್ತದೆ. ತಮ್ಮ ಕೃಪೆಯಿಂದ ಹೊಸದು ಐದು ಕೊಡುತ್ತದೆ. ನನ್ನದನ್ನು ಪೂರ್ತಿ ಬೆಲೆಗೆ ಕೊಳ್ಳಲು ಯಾರಿಗೆ ತಲೆ ಕೆಟ್ಟಿದೆ? ಒಂದೇ ವರ್ಷ ಬಾಕಿಯಿದ್ದರೆ ಕೊಳ್ಳುವವನಿಗೆ ಒಂದೇ ಸಲ ನೂರಕ್ಕೆ ಒಂದು ಕಡಿಮೆ. ನನ್ನದರಲ್ಲಿ ಇನ್ನೂ ಇಪ್ಪತ್ತೆಂಟು ವರ್ಷ ಬಾಕಿ! ಅಷ್ಟೂ ವರ್ಷದ ಕೊರತೆಯನ್ನು ಅವನು ಇವತ್ತಿನ ಬೆಲೆಯಲ್ಲೇ ಮುರಿದುಕೊಳ್ಳುತ್ತಾನೆ. ದೂರದ ವರ್ಷಗಳ ಕೊರತೆಗೆ ಇವತ್ತು ತೂಕ ಕಡಿಮೆ, ಅದಕ್ಕೇ ಪುಣ್ಯಕ್ಕೆ ಇಪ್ಪತ್ತೆಂಟಕ್ಕೆ ಹೋಗದೆ ಹದಿನೈದರ ಆಸುಪಾಸಿಗೆ ನಿಂತಿತು. ಏಣಿ ಉದ್ದವಾದಷ್ಟೂ ತುದಿಯಲ್ಲಿ ನಿಂತವನಿಗೆ ಓಲಾಟ ಜಾಸ್ತಿ. ಈ ಓಲಾಟವನ್ನು ಅಳೆಯುವ ಸಂಖ್ಯೆಗೆ ಡ್ಯುರೇಷನ್ ಎಂಬ ಹೆಸರೂ ಇದೆಯಂತೆ. ಹೆಸರಿಟ್ಟವರು ಅದನ್ನು ನನ್ನಂಥವನ ಕಿವಿಗೂ ಹಾಕಬಾರದಿತ್ತೇ?

"ಕಾದರೆ ಪೂರ್ತಿ ವಾಪಸ್ ಬರತ್ತೆ" ಎಂದು ಅದೇ ಮಹಾಶಯರು ಸಮಾಧಾನ ಹೇಳಿದರು. ಪಕ್ಕದಲ್ಲಿದ್ದ ನನ್ನಾಕೆ ಬಿಟ್ಟಾಳೆಯೇ?

"ಕಾಯೋದಾ? ಆಗ ನಂಗೆ ಎಂಬತ್ತು ಸಾರ್! ಕತ್ತರಿ ಹಿಡಿದ್ರೆ ಗಿರಾಕಿ ಕಿವಿ ಉಳಿಯತ್ತಾ? ರೀ, ಮಾರಿಬಿಡಿ. ಇರೋದ್ರಲ್ಲೇ ಮಾಡೋಣ."

ಮಾರಿದೆವು. ಬೀದಿಬದಿಯ ಕೋಣೆ ಕೈತಪ್ಪಿತು. ಗಲ್ಲಿಯೊಳಗೆ ಕಿಟಕಿಯಿಲ್ಲದ ಒಂದು ಗೂಡು ಸಿಕ್ಕಿದೆ. ನಾಳೆ ತೆರೆಯುತ್ತೇವೆ. ಅವಳು ಬೆಳಗಿನಿಂದ ಹಾಡು ಗುನುಗುತ್ತಿದ್ದಾಳೆ, ನನಗೆ ಒಮ್ಮೆ ನಗು, ಒಮ್ಮೆ ಅಳು.

ಬಡ್ಡಿ ಇಳಿಸಿರೆಂದು ನಾನು ಬೇಡುವುದಿಲ್ಲ. ಅದು ತಮ್ಮ ಘನಕಾರ್ಯ. ಪ್ರತಿ ಬಾಂಡಿನ ಮೇಲೂ "ಬಡ್ಡಿ ಒಂದು ಏರಿದರೆ ಬೆಲೆ ಇಷ್ಟು ಇಳಿಯುತ್ತದೆ" ಎಂದು ದಪ್ಪಕ್ಷರದಲ್ಲಿ ಬರೆಸಿ. ಸೀಲು ಒತ್ತುವ ಮುನ್ನ "ಈ ದುಡ್ಡು ನಿಮಗೆ ಯಾವಾಗ ಬೇಕು?" ಎಂದು ಕೇಳುವಂತೆ ಆಜ್ಞೆ ಹೊರಡಿಸಿ. ಅದೊಂದು ಮಾತು ಕೇಳಿದ್ದರೆ ಅವಳು ನಾಳೆ ಎರಡು ಕುರ್ಚಿ ಹಾಕುತ್ತಿದ್ದಳು.

ಇಂತಿ,
ಒಂಟಿ ಕುರ್ಚಿಯ ಸಲೂನಿನ ಒಡತಿಯ ಗಂಡ