ಅಣ್ಣನ ಕಾಲಿಗೆ ಕಟ್ಟಿದ ಸೊಪ್ಪು

ಅವ್ವಾ,

ನಿನ್ನೆ ನಾನು ಕೂಡ್ಲಿಗಿಗೆ, ತವರಿಗೆ ಬಂದ ದಿನವೇ ಪಾಲಯ್ಯಣ್ಣ ಗುಡ್ಡದಲ್ಲಿ ಜಾರಿ ಬಿದ್ದ. ಕಾಲವೂ ಕೆಟ್ಟಿತು, ಕಾಲೂ ಉಳುಕಿತು. ನೀನು ಕಣ್ಣು ಮುಚ್ಚಿದ ಮೇಲೆ ನಮ್ಮ ಮ್ಯಾಸಬೇಡರ ಹಟ್ಟಿಯ ಉಳುಕಿಗೆಲ್ಲ ಸೊಪ್ಪು ಕಟ್ಟುವವನು ಅವನೇ. ಈಗ ಎದ್ದು ಹೋಗಿ ತರಲಾರ, ಹೆಸರು ಹೇಳಿ ತರಿಸಲಾರ. ಹೆಸರು ಹೇಳಿದರೆ ಮದ್ದಿನ ಶಕ್ತಿ ಹೋಗುತ್ತದೆಂದು ಕಲಿಸಿದವಳು ನೀನೇ.

“ಯಾವ ಸೊಪ್ಪು ಹೇಳ್ರಿ, ತರ್ತೀನಿ” ಎಂದು ಅತ್ತಿಗೆ ಅತ್ತಳು. ಅವನು ನರಳುವುದಕ್ಕಷ್ಟೇ ಬಾಯಿ ತೆರೆದ.

ನಾನೇ ಹೋಗಿ ತಂದೆ. ಹರಳೆಣ್ಣೆ ಸವರಿ, ಬಿಸಿ ಮಾಡಿ ಕಟ್ಟಿದೆ.

“ಯಾರ್ ಹೇಳಿದ್ರಲೇ ನಿನಗ?”

“ಯಾರೂ ಹೇಳಿಲ್ಲಪ್ಪ. ನಿನಗ ಕಲಿಸುವಾಗ ಅವ್ವ ನನ್ನ ನೀರಿಗೆ ಕಳಿಸ್ತಿದ್ಲು. ಆಮ್ಯಾಲೆ ಅದೇ ಕೈಲೆ ನನಗ ಜಡಿ ಹಾಕ್ತಿದ್ಲು. ಬಂದರಿಕಿ ಸೊಪ್ಪಿನ ವಾಸನಿ ಮುಚ್ಚಿಡಾಕ ಆಗತೈತೇನು?”

ಹೆಸರು ಕೇಳಿದ್ದೇ ಅಣ್ಣ ಕಿವಿ ಮುಚ್ಚಿಕೊಂಡ. ಇವತ್ತು ಬಾವು ಇಳಿದಿದೆ.

ಹೆಣ್ಣು ಇನ್ನೊಬ್ಬರ ಮನೆಗೆ ಹೋಗುವವಳು ಎಂಬ ಕಾರಣಕ್ಕೆ ನನಗೆ ಮದ್ದು ಕಲಿಸಲಿಲ್ಲ ನೀನು. ನಾನು ಹೋದ ಮನೆಯವರಿಗೂ ಕಾಲುಗಳಿವೆ, ಅವ್ವಾ.

ಭಾನುವಾರ ನನ್ನ ಮಗಳನ್ನು ಗುಡ್ಡಕ್ಕೆ ಕರೆದೊಯ್ದು ಒಂದೊಂದು ಗಿಡದ ಹೆಸರನ್ನೂ ಕೂಗಿ ಹೇಳುತ್ತೇನೆ. ಕೇಳಿಸಿದರೆ, ಬೈಯಲಾದರೂ ಬಾ.