ಬಿಚ್ಚದ ಅವಲಕ್ಕಿ ಗಂಟು

ಸವಣೂರು, ೧೯೭೮

ಯಜಮಾನರಿಗೆ ನಮಸ್ಕಾರಗಳು.

ಹೊರಗೆ ಅನ್ನ ಮುಟ್ಟದವರು ನೀವು. ಆದರೂ ಹಿರೇಕೆರೂರು ಕೋರ್ಟಿಗೆ ಹೋಗಿ ವಸ್ತಿ ಮಾಡಿದಾಗಲೆಲ್ಲ ನಾನು ಕಟ್ಟಿಕೊಟ್ಟ ಅವಲಕ್ಕಿ ಗಂಟು ಬಿಚ್ಚದೆ ಮರಳುತ್ತದೆ. ಮನೆಗೆ ಬಂದಾಗ ನಿಮಗೆ ಹಸಿವೆಯೂ ಇರುವುದಿಲ್ಲ. ನಾನು ಏನೂ ಕೇಳದೆ ಆಕಳಿಗೆ ಹಾಕುತ್ತಿದ್ದೆ.

ಮೊನ್ನೆ ಪಡಸಾಲೆಯಲ್ಲಿ, ಎಲೆತೋಟ ಕೊಂಡ ಕಕ್ಷಿದಾರನನ್ನು ನೀವು ಗದರಿಸಿದಿರಿ: “ತೋಟದಾಗ ಬ್ಯಾರೆಯವರು ಇದ್ದದ್ದು ಗೊತ್ತಿರಲಿಲ್ಲ ಅಂದ್ರ ಕೋರ್ಟು ಒಪ್ಪೂದಿಲ್ಲ. ಗೊತ್ತಾಗಬಾರದಂತನ ನೀ ನೋಡ್ಲಿಕ್ಕೆ ಹೋಗಲಿಲ್ಲ. ಅದೂ ದುರುದ್ದೇಶನ.”

ಒಳಗೆ ಅಕ್ಕಿ ಆರಿಸುತ್ತಿದ್ದ ನನ್ನ ಕೈ ನಿಂತಿತು. ನಾನೂ ಗೊತ್ತಾಗಬಾರದೆಂದೇ ಕೇಳಿರಲಿಲ್ಲ.

ಗುರುವಾರದ ಮೊದಲ ಬಸ್ಸಿಗೆ ನಾನೂ ಹಿರೇಕೆರೂರಿಗೆ ಬರುತ್ತೇನೆ. ಅವಲಕ್ಕಿ ತರುವುದಿಲ್ಲ. ನೀವು ಉಣ್ಣುವ ಮನೆಯಲ್ಲಿ ನನಗೂ ಒಂದು ಎಲೆ ಹಾಕಲು ಹೇಳಿರಿ.

ನಿಮ್ಮ ಮನೆಯಾಕೆ,
ಶಾಮಲಾ