ಹನ್ನೊಂದು ಸಾಲಿನ ತಿದ್ದುಪಡಿ

ಶಾಮ್‌ಬರ್ಗ್
ನವೆಂಬರ್ ೩, ೨೦೨೪, ಭಾನುವಾರ

ಕಲ್ಮೇಶ ಅವರಿಗೆ ನೀಲಗಂಗಾಳ ನಮಸ್ಕಾರ.

ಹದಿನೇಳು ವರ್ಷ ‘ಏನ್ರೀ’ ಎಂದೇ ಕರೆದವಳು ನಿಮ್ಮ ಹೆಸರು ಹಿಡಿದು ಬರೆಯುತ್ತಿರುವುದು ಇದೇ ಮೊದಲು. ಬರೆದು ನೋಡಿದೆ, ಏನೂ ಅನ್ನಿಸಲಿಲ್ಲ. ಇಳಾ ಚೆನ್ನಾಗಿದ್ದಾಳೆ. ಡ್ರೈವಿಂಗ್ ಪರ್ಮಿಟ್ ಸಿಕ್ಕಿದೆ. ಹೈವೇಯಿಂದ ಇಳಿಯುವ ಎಕ್ಸಿಟ್ ದಾಟಿಹೋಗಿ ನನ್ನ ಮೇಲೆ ರೇಗುತ್ತಾಳೆ. ನಿಮ್ಮ ಬಗ್ಗೆ ಕೇಳುವುದಿಲ್ಲ. ಇದನ್ನು ಚುಚ್ಚಲೆಂದು ಬರೆದಿಲ್ಲ ಎಂದರೆ ಸುಳ್ಳಾಗುತ್ತದೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ನಾನು ಸುಮ್ಮನಾಗಿಬಿಡುತ್ತೇನೆ. ಅದಕ್ಕೇ ಈ ಕಾಗದ.

ಬುಧವಾರ ನಿಮ್ಮೂರ ಪಕ್ಕದ ಟ್ರಾಯ್‌ನಿಂದ ಪದ್ಮ ಫೋನ್ ಮಾಡಿದ್ದಳು. ನಿಮ್ಮ ಟೆಸ್ಟ್ ಲ್ಯಾಬಿನಲ್ಲಿ ಕೈ ಸುಟ್ಟುಕೊಂಡ ಶ್ರೀಕಾಂತನ ಹೆಂಡತಿ. “ಅಕ್ಕಾ, ತಪ್ಪು ಇವರದ್ದೇ ಅಂತ ರಿಪೋರ್ಟಲ್ಲಿ ಬರ್ದಿದಾರೆ. ಸೆಟ್ಟಿಂಗ್ ತಪ್ಪು ಒತ್ತಿದ್ರಂತೆ. ಸೈನ್ ಮಾಡಿರೋದು ಕಲ್ಮೇಶಣ್ಣನೇ” ಅಂದಳು. ಕಾಂಟ್ರ್ಯಾಕ್ಟ್ ಹೋಗಿದೆ. ಇನ್ನು ಐದು ವಾರದಲ್ಲಿ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಬಲಗೈಗೆ ಬ್ಯಾಂಡೇಜು ಕಟ್ಟಿಕೊಂಡವನಿಗೆ, ಇಂಥ ರಿಪೋರ್ಟ್ ಬೆನ್ನಿಗಿರುವವನಿಗೆ, ಯಾರು ಕೆಲಸ ಕೊಡುತ್ತಾರೆ?

ಶ್ರೀಕಾಂತ ತಪ್ಪು ಒತ್ತಿಲ್ಲವೆಂದು ಈ ಭೂಮಿಯ ಮೇಲೆ ಇಬ್ಬರಿಗೆ ಖಚಿತವಾಗಿ ಗೊತ್ತಿತ್ತು. ಒಬ್ಬರು ನೀವು, ಇನ್ನೊಬ್ಬಳು ನಾನು.

ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದೇ. ಆದರೆ ಬೇರೆ ಥರ ಹೇಳಿ ಹೇಳಿ ನಿಜವಾದದ್ದು ಮರೆತಿರಬಹುದು.

ಹತ್ತು ವರ್ಷದ ಕೆಳಗೆ, ಆಬರ್ನ್ ಹಿಲ್ಸ್‌ನ ಅಪಾರ್ಟ್‌ಮೆಂಟಿನಲ್ಲಿ, ನೀವು ಊಟಕ್ಕೆ ಕೂತಾಗೆಲ್ಲ ಒಂದೇ ಗೋಳು. ಎಂಜಿನ್ ಪರೀಕ್ಷೆ ಮಾಡುವ ಪ್ರೋಗ್ರಾಮ್ ನಿಧಾನ. “ಅದು ಎದ್ದು ಕೂಡೂದ್ರಾಗ ಎಂಜಿನ್ ಬಿಸಿಯಾಗಿ ತಣ್ಣಗಾಗಿರ್ತದ” ಅನ್ನುತ್ತಿದ್ದಿರಿ. ಆ ಪ್ರೋಗ್ರಾಮ್ ಬೈಟ್‌ಕೋಡಿನಲ್ಲಿತ್ತು. ಅದನ್ನು ಚಿಪ್ ನೇರವಾಗಿ ಓದಲಾರದು. ನಡುವೆ ವರ್ಚುವಲ್ ಮಷೀನ್ ಎಂಬ ಇನ್ನೊಂದು ಪ್ರೋಗ್ರಾಮ್ ಕೂತು ಒಂದೊಂದೇ ಆಜ್ಞೆಯನ್ನು ಬಿಡಿಸಿ ಹೇಳಬೇಕು. ರೊಟ್ಟಿ ಬಡಿಸುತ್ತ ನಾನೇ ಕೇಳಿದೆ, ಇಡೀ ಪ್ರೋಗ್ರಾಮನ್ನು ಮೊದಲೇ ಚಿಪ್ ಓದಬಲ್ಲ ಮಷೀನ್ ಕೋಡಿಗೆ ತಿರುಗಿಸಿ ಒಂದು ಫೈಲ್ ಮಾಡಿಟ್ಟರೆ ನಡುವಿನವನು ಯಾಕೆ ಬೇಕು ಅಂತ. ನೀವು ನಕ್ಕಿರಿ. ಹುಬ್ಬಳ್ಳಿಯ ಕಾಲೇಜಿನಲ್ಲಿ ಆರು ವರ್ಷ, ಹೀಗೆ ತಿರುಗಿಸಿಕೊಡುವ ಕಂಪೈಲರ್ ಬಗ್ಗೆಯೇ ಪಾಠ ಮಾಡಿದವಳ ಮುಂದೆ ನಕ್ಕಿರಿ.

ಇಳಾಳ ಸ್ಕೂಲ್ ಬಸ್ ಹೋದ ಮೇಲೆ ಅಂಥ ಕಂಪೈಲರ್ ಬರೆಯಲು ಕೂತರೆ ಅದು ಬರುವವರೆಗೆ ಏಳುತ್ತಿರಲಿಲ್ಲ. ಹದಿನಾಲ್ಕು ತಿಂಗಳು. ನಲವತ್ತು ಸೆಕೆಂಡಿಗೆ ಏಳುತ್ತಿದ್ದ ಪ್ರೋಗ್ರಾಮ್ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದ ದಿನ ನಾನು ಅಡುಗೆಮನೆಯಲ್ಲಿ ನಿಂತು ಒಬ್ಬಳೇ ಅತ್ತೆ. ಈ ದೇಶಕ್ಕೆ ಬಂದ ಮೇಲೆ ಸಂತೋಷಕ್ಕೆ ಅತ್ತದ್ದು ಇಳಾ ಹುಟ್ಟಿದಾಗ, ಬಿಟ್ಟರೆ ಅವತ್ತು.

ನೀವು ಅದನ್ನು ಆಫೀಸಿಗೆ ಒಯ್ದಿರಿ. “ನಿನ್ನ ಹೆಸರು ಹಾಕಿದ್ರ ವೀಸಾಕ್ಕ ತೊಂದರಿ ಆಗತದ, ಸುಮ್ನಿರು” ಅಂದಿರಿ. ಕೆಲಸ ಮಾಡುವಂತಿಲ್ಲದ ಡಿಪೆಂಡೆಂಟ್ ವೀಸಾದವಳು, ಸುಮ್ಮನಿದ್ದೆ. ಮೀಟಿಂಗಿನಲ್ಲಿ ಯಾರು ಏನು ಕೇಳಿದರೆ ಏನು ಹೇಳಬೇಕು ಎಂದು ನಿಮಗೆ ಬಾಯಿಪಾಠ ಮಾಡಿಸಿದವಳೂ ನಾನೇ. ಎರಡು ವರ್ಷದ ಮೇಲೆ ನನ್ನ ವರ್ಕ್ ಪರ್ಮಿಟ್ ಬಂತು. ಈಗಲಾದರೂ ಹೇಳಿ ಅಂದೆ. “ಈಗ ಬದಲಾಯ್ಸಿದ್ರ ಮಂದಿ ಏನಂತಾರ?” ಅಂದಿರಿ. ಮಂದಿ ಏನಂದರು ಅಂತ ಆ ವರ್ಷ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಗೊತ್ತಾಯಿತು. ನಿಮಗೆ ಶಾಲು ಹೊದಿಸಿದರು. ಇಂಥ ಯೋಚನೆ ಹೇಗೆ ಬಂತು ಎಂದು ಕೇಳಿದರೆ, “ಒಂದಿನ ಜಳಕಾ ಮಾಡೂವಾಗ ಹೊಳೀತು” ಅಂದಿರಿ. ಸಭೆ ನಕ್ಕಿತು. ನನ್ನ ಪಕ್ಕದಲ್ಲಿದ್ದ ಒಂಬತ್ತು ವರ್ಷದ ಮಗಳು ನಗಲಿಲ್ಲ. “ಮಾಮ್, ದಟ್ ವಾಸ್ ಯುವರ್ಸ್” ಅಂದಳು. ನಾನು ಅವಳ ಬಾಯಿ ಮುಚ್ಚಿದೆ. ಅದಕ್ಕೆ ಅವಳಿನ್ನೂ ನನ್ನನ್ನು ಕ್ಷಮಿಸಿಲ್ಲ.

ಆಮೇಲೂ ಐದು ವರ್ಷ ನಿಮ್ಮ ಮನೆಯಲ್ಲಿದ್ದೆ. ಹೋದ ವರ್ಷ ಜುಲೈನಲ್ಲಿ ಇಲ್ಲಿ ಕೆಲಸ ಸಿಕ್ಕಿತು, ಮಗಳನ್ನು ಕರೆದುಕೊಂಡು ಹೊರಟೆ. ಹದಿನಾಲ್ಕು ತಿಂಗಳು ನೀವು ಒಂದು ಫೋನ್ ಮಾಡಲಿಲ್ಲ.

ಸೆಪ್ಟೆಂಬರ್ ಇಪ್ಪತ್ತೊಂದಕ್ಕೆ ಮಾಡಿದಿರಿ. ಎರಡು ದಿನದ ಹಿಂದೆ ಪರದೆಯ ಮೇಲೆ ೯೦ ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮುಟ್ಟಬಹುದಾದಷ್ಟೇ ಬಿಸಿ, ತೋರಿಸುತ್ತಿತ್ತಂತೆ, ಅಸಲಿಗೆ ನೀರು ಕುದಿಯುತ್ತಿತ್ತಂತೆ. ಶ್ರೀಕಾಂತ ಪರದೆಯನ್ನು ನಂಬಿ ಪೈಪಿಗೆ ಕೈ ಹಾಕಿದ. ಮೊಣಕೈವರೆಗೆ ಸುಟ್ಟಿತು. “ಒಂದ್ಸಲ ನೋಡು ನೀಲಾ, ನಿನಗ ಮಾತ್ರ ಗೊತ್ತಾಗತದ” ಅಂದಿರಿ. ಎಂಟು ವರ್ಷದಲ್ಲಿ ಮೊದಲ ಸಲ ಒಪ್ಪಿಕೊಂಡಿರಿ, ಅದೂ ಫೋನಿನಲ್ಲಿ, ಯಾರೂ ಕೇಳದ ಹಾಗೆ.

ನನ್ನ ಹತ್ತಿರವಿದ್ದ ಪ್ರತಿಯನ್ನು ತೆರೆದು ನೋಡಿದೆ. ಅರ್ಧ ಗಂಟೆಯಲ್ಲಿ ಸಿಕ್ಕಿತು. ತಪ್ಪು ನನ್ನದೇ. ಉಷ್ಣತೆ ಅಳೆಯುವ ಹತ್ತು ಸೆನ್ಸರ್‌ಗಳ ಪಟ್ಟಿಯಲ್ಲಿ ಇಲ್ಲದ ಹನ್ನೊಂದನೆಯದನ್ನು ಕೇಳಿದರೆ ವರ್ಚುವಲ್ ಮಷೀನ್ ತಡೆದು ನಿಲ್ಲಿಸುತ್ತದೆ. ಆ ತಡೆ ಪ್ರತಿ ಸಲವೂ ಸಮಯ ತಿನ್ನುತ್ತದೆ. ಹಾಗಾಗಿ ಎಲ್ಲಿ ತಡೆ ಬೇಕಿಲ್ಲವೋ ಅಲ್ಲಿ ನನ್ನ ಕಂಪೈಲರ್ ಅದನ್ನು ತೆಗೆದುಹಾಕುತ್ತಿತ್ತು. ಪಟ್ಟಿಯನ್ನು ಒಂದರಿಂದ ಹತ್ತಕ್ಕೆ, ಮೇಲಕ್ಕೆ ಎಣಿಸುವ ಕಡೆ ಸರಿಯಾಗಿಯೇ ತೆಗೆಯುತ್ತಿತ್ತು. ಕೆಳಕ್ಕೆ ಎಣಿಸುವ ಕಡೆ, ಬೇಕಿದ್ದ ತಡೆಯನ್ನೂ ತೆಗೆದುಬಿಡುತ್ತಿತ್ತು. ಪಟ್ಟಿಯ ಆಚೆ ಮೆಮೊರಿಯಲ್ಲಿ ಬಿದ್ದಿದ್ದ ಯಾವುದೋ ಅಂಕಿಯನ್ನು ಅದು ಉಷ್ಣತೆ ಎಂದು ತೋರಿಸಿತು. ಹನ್ನೊಂದು ಸಾಲಿನ ತಿದ್ದುಪಡಿ ಬರೆದು ಅವತ್ತೇ ನಿಮಗೆ ಕಳಿಸಿದೆ. ‘ಸಿಕ್ಕಿತು, ಥ್ಯಾಂಕ್ಸ್, ಯಾರಿಗೂ ಹೇಳಬೇಡ’ ಎಂದು ಮೆಸೇಜ್ ಹಾಕಿದಿರಿ.

ಕಂಪನಿಗೆ ನೀವೇ ಹೇಳುತ್ತೀರಿ ಎಂದುಕೊಂಡೆ. ನೀವು ತಿದ್ದುಪಡಿಯನ್ನು ಸದ್ದಿಲ್ಲದೆ ಸೇರಿಸಿದಿರಿ, ರಿಪೋರ್ಟಿನಲ್ಲಿ ಶ್ರೀಕಾಂತನ ಹೆಸರು ಬರೆದಿರಿ. ಒಳ್ಳೆಯದಕ್ಕೆ ನಿಮ್ಮ ಹೆಸರು, ಕೆಟ್ಟದ್ದಕ್ಕೆ ಇನ್ನೊಬ್ಬರದು. ನನ್ನ ಕೆಲಸ ಕದ್ದದ್ದನ್ನು ನುಂಗಿಕೊಂಡೆ. ಇದನ್ನು ನುಂಗಲು ಆಗುವುದಿಲ್ಲ.

ಶುಕ್ರವಾರ ಎಲ್ಲವನ್ನೂ ನಿಮ್ಮ ಕಂಪನಿಗೆ ಕಳಿಸಿದ್ದೇನೆ: ನನ್ನ ಹಳೆಯ ಕೋಡ್, ತಪ್ಪು ಎಲ್ಲಿದೆ ಎನ್ನುವ ವಿವರ, ತಿದ್ದುಪಡಿ, ನಿಮ್ಮ ಮೆಸೇಜು. ಮೊದಲು ಬರೆದವಳು ನಾನು, ತಪ್ಪೂ ನನ್ನದೇ ಎಂದು ಸ್ಪಷ್ಟವಾಗಿ ಬರೆದಿದ್ದೇನೆ. ನನ್ನ ಈಗಿನ ಕೆಲಸಕ್ಕೆ ಇದರಿಂದ ಏನಾಗುತ್ತದೋ ಗೊತ್ತಿಲ್ಲ. ನಿನ್ನೆ ಅವರ ಲಾಯರ್ ಫೋನ್ ಮಾಡಿದ್ದರು. ನಾಳೆ ಮಧ್ಯಾಹ್ನ ಶ್ರೀಕಾಂತನನ್ನು ಕರೆಸಿ ಮಾತಾಡುತ್ತಾರಂತೆ, ಆಮೇಲೆ ನಿಮ್ಮನ್ನು. ಈ ಕಾಗದ ಸಿಗುವುದು ಅದಾದ ಮೇಲೆಯೇ. ಬೇಕೆಂದೇ ಹಾಗೆ ಮಾಡಿದೆ, ನೀವು ಮೊದಲೇ ಹೋಗಿ ಬೇರೆ ಕಥೆ ಕಟ್ಟಬಾರದು ಅಂತ.

ಇಳಾಗೆ ಫೋನ್ ಮಾಡುವುದಾದರೆ ಮಾಡಿ. ಅವಳು ಎತ್ತದಿದ್ದರೆ ನನ್ನನ್ನು ಬಯ್ಯಬೇಡಿ.

ಇಂತಿ,
ನೀಲಗಂಗಾ

ತಾ. ಕ.: ಕವರಿಗೆ ಹಾಕುವ ಮೊದಲು ಮೇಲಿನದನ್ನು ಓದಿದೆ. ಒಂದು ಸುಳ್ಳಿದೆ. ಇವತ್ತು ಮಧ್ಯಾಹ್ನ ಶ್ರೀಕಾಂತ ಫೋನ್ ಮಾಡಿ ಥ್ಯಾಂಕ್ಸ್ ಹೇಳಿ, “ನಿಮಗೆ ಯಾವಾಗ ಗೊತ್ತಾಯ್ತು ಅಕ್ಕಾ?” ಎಂದು ಕೇಳಿದ. ಅವನಿಗೂ ಇದೇ ಸುಳ್ಳು ಹೇಳಿದೆ. ಅರ್ಧ ಗಂಟೆಯಲ್ಲಿ ಸಿಕ್ಕಿದ್ದಲ್ಲ ಅದು. ಈ ವರ್ಷ ಜೂನ್ ಹನ್ನೊಂದಕ್ಕೇ, ಅವನ ಕೈ ಸುಡುವುದಕ್ಕೆ ಮೂರು ತಿಂಗಳ ಮೊದಲೇ, ಹಳೆಯ ಪ್ರತಿಯನ್ನು ತೆಗೆದು ನೋಡುವಾಗ ಸಿಕ್ಕಿತ್ತು. ತಿದ್ದುಪಡಿಯನ್ನೂ ಅವತ್ತೇ ಬರೆದಿದ್ದೆ. ಕಂಪನಿಗೆ ಕಳಿಸಿದ ಫೈಲಿನಲ್ಲಿ ಆ ದಿನಾಂಕ ಇದೆ. ಅಳಿಸಲು ಬರುತ್ತಿತ್ತು, ಅಳಿಸಲಿಲ್ಲ. ಒಂದಲ್ಲ ಒಂದು ದಿನ ನಿಮಗೆ ಕಷ್ಟ ಬರುತ್ತದೆ, ಆಗ ನೀವಾಗಿ ಫೋನ್ ಮಾಡಿ ನನ್ನನ್ನು ಕೇಳುತ್ತೀರಿ ಅಂತ ಕಾಯುತ್ತಿದ್ದೆ. ನಾಳೆ ಬೆಳಿಗ್ಗೆ ಐದು ಗಂಟೆಗೆ ಟ್ರಾಯ್‌ಗೆ ಹೊರಡುತ್ತೇನೆ. ಲಾಯರ್ ಹೇಳುವ ಮೊದಲು ಅವನಿಗೆ ನಾನೇ ಹೇಳಬೇಕು.